ಹಣೆಗೇರಿದ ಸೀಸ

ಚಳ್ಳಕೆರೆ, ಮೊಳಕಾಲ್ಮೂರಿನ ಸಂತೆಗಳಲ್ಲಿ ರಾಶಿ ಹಾಕಿ ಮಾರುವ ಕುಂಕುಮದಲ್ಲಿ ಅರಿಶಿನವೆಷ್ಟು, ಬಣ್ಣವೆಷ್ಟು? ಚೀಟಿಯಿಲ್ಲದ ಪುಡಿಯನ್ನು ಈ ಪ್ರಶ್ನೆ ಕೇಳುವವರಿಲ್ಲ. ಪ್ರಸಾಧನಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 20 ಭಾಗ ಮೀರಬಾರದೆಂಬ ನಿಯಮವೇನೋ ಇದೆ. ಆದರೆ ಅಮೆರಿಕ ಮತ್ತು ಭಾರತದಲ್ಲಿ ಕೊಂಡ 118 ಸಿಂಧೂರದ ಮಾದರಿಗಳ ಪರೀಕ್ಷೆ 2017ರಲ್ಲಿ ಪ್ರಕಟವಾದಾಗ, ಸುಮಾರು ನಾಲ್ಕನೆಯ ಒಂದು ಪಾಲು ಅದೇ ಗಡಿ ದಾಟಿದ್ದವು. ಹಣೆಗಿಟ್ಟ ಬೆರಳೇ ಕೂಸಿನ ಬಾಯಿಗೂ ಹೋಗುತ್ತದೆ. ಎಳೆಯ ಮಿದುಳಿಗೆ ಸೀಸದ ಸುರಕ್ಷಿತ ಪ್ರಮಾಣವೆಂಬುದಿಲ್ಲ.

ಮನೆಯ ದಾರಿ ಹಳೆಯದು. ಅರಿಶಿನದ ಕೊಂಬನ್ನು ಚೂರು ಮಾಡಿ, ಬಿಳಿಗಾರ, ಪಟಿಕ ಕರಗಿಸಿದ ನಿಂಬೆರಸದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಕುಟ್ಟಿದರೆ ಕೆಂಪು ತಾನೇ ಮೂಡುತ್ತದೆ. ಪುಡಿಯನ್ನಾಗಲಿ, ಥಳಥಳಿಸುವ ಕೊಂಬನ್ನಾಗಲಿ ಕೊಳ್ಳಲಾಗದು. ಹಳದಿಯ ಹೊಳಪಿಗೆ ಸೀಸದ ಕ್ರೋಮೇಟ್ ಬಳಿಯುವವರಿದ್ದಾರೆ. ಬಿಳಿಗಾರವೂ ಹೊಟ್ಟೆಗೆ ಹೋಗತಕ್ಕದ್ದಲ್ಲ, ಆದ್ದರಿಂದ ಹಸುಗೂಸಿಗೆ ಈ ಕುಂಕುಮವೂ ಬೇಡ.

ಇದೆಲ್ಲ ದುಬಾರಿಯೆಂಬ ವಾದವುಂಟು. ಮೊಳಕಾಲ್ಮೂರು ಸೀರೆಗೆ ಸಾವಿರಗಟ್ಟಲೆ ತೆತ್ತು, ರೇಷ್ಮೆ ಅಪ್ಪಟವೇ ಎಂದು ನೂಲೆಳೆ ಸುಟ್ಟು ನೋಡುವ ಜನ, ಮೈಗೇ ತಾಗುವ ಕುಂಕುಮಕ್ಕೆ ಹಿಡಿ ಕೊಂಬಿನ ಬೆಲೆ ಲೆಕ್ಕ ಹಾಕುವುದು ವಿಚಿತ್ರ. ಇನ್ನು ಔಷಧ ನಿಯಂತ್ರಣಾಧಿಕಾರಿಗಳು ಬರುವ ನಾಯಕನಹಟ್ಟಿ ಜಾತ್ರೆಗೆ ಮುನ್ನವೇ ಮಳಿಗೆಗಳ ಮಾದರಿ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಗಳ ಮೇಲೆ ಅಂಟಿಸಲಿ.