ಮೊದಲು ಒಂದೇ ದೀಪ

ಮುಂಬೈಯ ಬೋರಾ ಬಜಾರಿಗೋ ದಿಲ್ಲಿಯ ಚಾಂದನಿ ಚೌಕಿಗೋ ಮೊದಲ ಸ್ಟುಡಿಯೋ ಫ್ಲ್ಯಾಶ್ ಕೊಳ್ಳಲು ಹೋದ ಹೊಸಬರ ಮುಂದೆ ಅಂಗಡಿಯವರು ಇಡುವುದು 'ಸೆಟ್ಟು': ಮೂರು ದೀಪ, ಮೂರು ಸ್ಟ್ಯಾಂಡು, ಎರಡು ಸಾಫ್ಟ್‌ಬಾಕ್ಸು, ಮೇಲೊಂದು ಚೀಲ. ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ ಎಂಬ ಮಾತೂ ಜೊತೆಗೆ ಬರುತ್ತದೆ. ಅಗ್ಗ ಇರಬಹುದು. ಆದರೆ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇರಿಲ್ಲ.

ಫ್ಲ್ಯಾಶ್ ಕಣ್ಣಿಗೆ ನಿಲುಕದಷ್ಟು ಬೇಗ ಮಿಂಚಿ ಆರುತ್ತದೆ. ಮೂರು ಒಟ್ಟಿಗೆ ಮಿಂಚಿದರೆ ಯಾವ ನೆರಳು ಯಾವ ದೀಪದ್ದು ಎಂದು ಹೊಸಬರಿಗೆ ತಿಳಿಯುವುದಾದರೂ ಹೇಗೆ? ಚಿತ್ರ ಕೆಟ್ಟರೆ ಕಾರಣ ಸಿಗುವುದಿಲ್ಲ. ಚೆನ್ನಾಗಿ ಬಂದರೂ ಸಿಗುವುದಿಲ್ಲ.

ಒಂದೇ ದೀಪ ಇದ್ದರೆ ಲೆಕ್ಕ ಸ್ಪಷ್ಟ. ಹಗಲಾದರೆ ಪರದೆ ಎಳೆದು, ಐಎಸ್‌ಒ 100, ಷಟರ್ 1/125, ಅಪರ್ಚರ್ ಎಫ್/8 ಇಟ್ಟು, ಫ್ಲ್ಯಾಶ್ ಇಲ್ಲದೆ ಕ್ಲಿಕ್ಕಿಸಿದರೆ ಚಿತ್ರ ಬಹುತೇಕ ಕಪ್ಪು. ಆ ಕಪ್ಪೇ ಸ್ಲೇಟು. ಇನ್ನು ಅದರ ಮೇಲೆ ಮೂಡುವುದೆಲ್ಲ ಆ ದೀಪದ್ದೇ ಬರಹ. ಷಟರನ್ನು 1/60ಕ್ಕೆ ಇಳಿಸಿದರೂ ಮುಖದ ಬೆಳಕು ಬದಲಾಗದು; ಅಪರ್ಚರನ್ನು ಎಫ್/11 ಮಾಡಿದರೆ ಅರ್ಧಕ್ಕೆ ಇಳಿಯುತ್ತದೆ. ಕ್ಯಾಮೆರಾದ ಸಿಂಕ್ ವೇಗ ಮೀರಿದರೆ ಚಿತ್ರದಲ್ಲಿ ಕಪ್ಪು ಪಟ್ಟಿ. ದೀಪವನ್ನು ಒಂದು ಮೀಟರಿನಿಂದ ಎರಡಕ್ಕೆ ಸರಿಸಿದರೆ ಬೆಳಕು ಕಾಲುಭಾಗ. ಕೊಡೆ ಹತ್ತಿರವಿದ್ದರೆ ನೆರಳಿನ ಅಂಚು ಮೃದು, ಅದೇ ಕೊಡೆ ದೂರ ಹೋದರೆ ಒರಟು. ಎದುರು ಬದಿಗೆ ಸ್ಟೇಷನರಿ ಅಂಗಡಿಯ ಥರ್ಮೊಕೋಲ್ ಹಾಳೆ ನಿಲ್ಲಿಸಿದರೆ ಎರಡನೇ ದೀಪದ ಅರ್ಧ ಕೆಲಸ ಮುಗಿಯಿತು.

'ಎಲ್‌ಇಡಿ ಸಾಲದೆ? ಬೆಳಕು ಕಣ್ಣೆದುರೇ ಕಾಣುತ್ತದಲ್ಲ' ಎನ್ನುವವರಿದ್ದಾರೆ. ವಿಡಿಯೋಗೆ ಅದೇ ಸರಿ. ಆದರೆ ಸಣ್ಣ ಎಲ್‌ಇಡಿಯಲ್ಲಿ ಎಫ್/8ರಲ್ಲಿ ತೆಗೆಯಲು ಷಟರ್ ನಿಧಾನವಾಗಬೇಕು ಇಲ್ಲವೇ ಐಎಸ್‌ಒ ಏರಬೇಕು; ಮಗು ಒಂದು ಕ್ಷಣವೂ ಸುಮ್ಮನೆ ಕೂರದು. ಫ್ಲ್ಯಾಶ್ ಆ ಚಡಪಡಿಕೆಯನ್ನೂ ನಿಲ್ಲಿಸಿ ಹಿಡಿಯುತ್ತದೆ.

ಇದು ದುಡ್ಡಿನ ಪ್ರಶ್ನೆ ಮಾತ್ರವಲ್ಲ, ಮುಖದ ಪ್ರಶ್ನೆ. ಎರಡೂ ಬದಿಗೆ ಸಮನಾಗಿ ದೀಪ ಇಟ್ಟು ನೆರಳನ್ನೆಲ್ಲ ಅಳಿಸುವುದು ಪಾಸ್‌ಪೋರ್ಟ್ ಫೋಟೋಗೆ ತಕ್ಕದ್ದು. ಅದೇ ರೂಢಿ ವಧೂವರರ ಚಿತ್ರಕ್ಕೂ ಅಜ್ಜಿಯ ಚಿತ್ರಕ್ಕೂ ಬಂದಾಗ ಕೆನ್ನೆಯ ಏರು, ಹಣೆಯ ಗೆರೆ ಎಲ್ಲ ಸಪಾಟು. ಅದರ ಮೇಲೆ ಇನ್ನೊಂದು ಸ್ಟಾಪು ಬೆಳಕು ಸುರಿದು ಕಂದು ಮೈಯನ್ನು ಬೆಳ್ಳಗೆ ಮಾಡಿ 'ಗ್ಲಾಮರ್' ಎಂದು ಮಾರುವವರೂ ಇದ್ದಾರೆ. ನೆರಳು ಕೊಳೆಯಲ್ಲ, ತೊಳೆಯಲು. ಕಪ್ಪು ಮೈಯ ಸೊಬಗು ಅದರ ಮಿನುಗಿನಲ್ಲಿದೆ. ಪಕ್ಕದಿಂದ ಬಿದ್ದ ಒಂದೇ ದೀಪ ಅದನ್ನು ತೋರಿಸಬಲ್ಲದು.

ಹಾಗಾದರೆ ಎರಡನೇ ದೀಪ ಯಾವಾಗ? ಕಪ್ಪು ಕೂದಲು ಕಪ್ಪು ಹಿನ್ನೆಲೆಯಲ್ಲಿ ಕರಗಿಹೋದದ್ದು ಕಂಡು, ಇಲ್ಲಿ ಹಿಂದಿನಿಂದ ಬೆಳಕು ಬೇಕು ಎಂದು ತಾವಾಗಿಯೇ ಹೇಳಲು ಬಂದ ದಿನ. ಅಲ್ಲಿಯವರೆಗೆ ಸೆಟ್ಟು ಅಂಗಡಿಯಲ್ಲೇ ಇರಲಿ.