ಕ್ರೀಡಾಭ್ಯಾಸ ಮತ್ತು ನರಮಂಡಲದ ದಣಿವು

‘ಆರೋಗ್ಯವೇ ಭಾಗ್ಯ’ ಎಂಬ ಮಾತನ್ನು ನಾವು ಶಾಲೆಯ ಗೋಡೆಗಳ ಮೇಲೆ ಬರೆಯಿಸುತ್ತೇವೆ. ಪ್ರತಿವರ್ಷ ಕ್ರೀಡಾಕೂಟಗಳನ್ನು ಏರ್ಪಡಿಸಿ, ಗೆದ್ದ ಮಕ್ಕಳ ಕೊರಳಿಗೆ ಪದಕ ಹಾಕಿ ಹರ್ಷಪಡುತ್ತೇವೆ. ಆದರೆ ಮೈದಾನದಲ್ಲಿ ಆ ಮಕ್ಕಳಿಗಾಗುವ ದಣಿವಿನ ಸ್ವರೂಪವೇನು, ಅದು ಎಲ್ಲಿ ಹುಟ್ಟುತ್ತದೆ, ಹೇಗೆ ನೀಗುತ್ತದೆ ಎಂದು ವಿಚಾರಿಸುವವರು ವಿರಳ. ಅನೇಕ ವರ್ಷ ದೈಹಿಕ ಶಿಕ್ಷಕನಾಗಿ ದುಡಿದ ನಾನೂ ಬಹುಕಾಲ ಅದನ್ನು ವಿಚಾರಿಸದೆ ಇದ್ದವನೇ. ಅದರಿಂದ ಆದ ಒಂದು ಹಾನಿಯನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇನೆ.

ಹಿಂದೆ ನಾನು ಸೇವೆಯಲ್ಲಿದ್ದ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನಿದ್ದ, ರೈತನ ಮಗ. 800 ಮೀಟರ್ ಓಟದಲ್ಲಿ ತಾಲೂಕಿಗೆ ಮೊದಲಿಗನಾಗಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದ. ಸ್ಪರ್ಧೆಗೆ ಮೂರು ವಾರಗಳಿದ್ದವು. ನಸುಕಿನ ನಾಲ್ಕು ಗಂಟೆಗೆ ಓದಲು ಏಳುತ್ತಿದ್ದ; ಆರಕ್ಕೆ ಮೈದಾನ; ಅನಂತರ ದಿನವಿಡೀ ಪಾಠ; ಸಂಜೆ ಮತ್ತೆ ಓಟ; ರಾತ್ರಿ ಹನ್ನೊಂದರವರೆಗೆ ಪರೀಕ್ಷೆಯ ಸಿದ್ಧತೆ. ಎರಡನೆಯ ವಾರದಲ್ಲಿ ಅವನ ಓಟ ನಿಧಾನವಾಯಿತು. ಕಾರಣ ಕೇಳಿದಾಗ, “ಕಾಲು ನೋಯುವುದಿಲ್ಲ ಸರ್, ಆದರೂ ಏಳುವುದಿಲ್ಲ” ಎಂದ. “ನಿನಗೆ ಮನಸ್ಸಿಲ್ಲ” ಎಂದು ಗದರಿಸಿ ಇನ್ನೂ ನಾಲ್ಕು ಸುತ್ತು ಓಡಿಸಿದೆ. ಜಿಲ್ಲಾ ಸ್ಪರ್ಧೆಯಲ್ಲಿ ಅವನು ಕೊನೆಯವನಾದ. ಆ ಬಳಿಕ ಮೈದಾನಕ್ಕೆ ಬರಲೇ ಇಲ್ಲ.

ಆ ಬಾಲಕ ನಿಜವನ್ನೇ ಹೇಳಿದ್ದನೆಂಬುದು ನನಗೆ ತಡವಾಗಿ ತಿಳಿಯಿತು. ಸ್ನಾಯು ತಾನಾಗಿ ಕೆಲಸ ಮಾಡುವುದಿಲ್ಲ. ಮಿದುಳಿನಲ್ಲಿ ಹುಟ್ಟಿದ ಆಜ್ಞೆ ಬೆನ್ನುಹುರಿಯ ಮೂಲಕ ಇಳಿದು, ನರಗಳಲ್ಲಿ ಹರಿದು ಸ್ನಾಯುವನ್ನು ಮುಟ್ಟಿದಾಗಲೇ ಅದು ಸಂಕೋಚಗೊಳ್ಳುತ್ತದೆ. ಆದುದರಿಂದ ದಣಿವು ಎರಡು ಕಡೆ ಹುಟ್ಟಬಹುದು. ಸ್ನಾಯುವೇ ಬಳಲುವುದು ಒಂದು. ಸ್ನಾಯುವಿನಲ್ಲಿ ಇನ್ನೂ ಶಕ್ತಿಯಿದ್ದರೂ ಮಿದುಳಿನಿಂದ ಬರುವ ಆಜ್ಞೆ ಕ್ಷೀಣವಾಗುವುದು ಇನ್ನೊಂದು. ಈ ಎರಡನೆಯದನ್ನೇ ಶರೀರಶಾಸ್ತ್ರಜ್ಞರು ಕೇಂದ್ರ ನರಮಂಡಲದ ದಣಿವೆಂದು ಕರೆಯುತ್ತಾರೆ.

ಈ ವಿಚಾರ ಹೊಸದೇನಲ್ಲ. ಇಟಲಿಯ ಟ್ಯೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೋಸ್ಸೋ ದಣಿವನ್ನು ಕುರಿತು 1891ರಲ್ಲಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ಬೆರಳಿನಿಂದ ತೂಕವನ್ನು ಪದೇ ಪದೇ ಎತ್ತಿಸಿ ಬಲವನ್ನು ಗೆರೆಗಳಲ್ಲಿ ದಾಖಲಿಸುವ ಎರ್ಗೋಗ್ರಾಫ್ ಎಂಬ ಯಂತ್ರವನ್ನು ಅವನು ರೂಪಿಸಿದ್ದನು. ವಿದ್ಯಾರ್ಥಿಗಳಿಗೆ ಗಂಟೆಗಟ್ಟಲೆ ಮೌಖಿಕ ಪರೀಕ್ಷೆ ನಡೆಸಿ ಬಂದ ತನ್ನ ಸಹೋದ್ಯೋಗಿಯ ಬೆರಳನ್ನು ಅದರಲ್ಲಿ ಪರೀಕ್ಷಿಸಿದಾಗ, ಬೆಳಿಗ್ಗೆ ಎತ್ತಿದಷ್ಟು ಸಲ ಅವನಿಗೆ ಎತ್ತಲಾಗಲಿಲ್ಲ. ಆ ಬೆರಳು ದಿನವಿಡೀ ಭಾರದ ಕೆಲಸವನ್ನೇನೂ ಮಾಡಿರಲಿಲ್ಲ; ದುಡಿದದ್ದು ತಲೆ.

1954ರಲ್ಲಿ ಮರ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ದಣಿದ ಸ್ನಾಯುವಿನ ನರಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟು ನೋಡಿದನು. ವಿದ್ಯುತ್ತಿನಿಂದ ಹೆಚ್ಚಿನ ಬಲ ಹೊರಬಂದರೆ ಕೊರತೆ ಆಜ್ಞೆಯದು, ಬಾರದಿದ್ದರೆ ಸ್ನಾಯುವಿನದು ಎಂಬುದು ಅದರ ತರ್ಕ. ಅವನು ಪರೀಕ್ಷಿಸಿದ ಹೆಬ್ಬೆರಳಿನ ಸ್ನಾಯುವಿನಲ್ಲಿ ದೋಷ ಸ್ನಾಯುವಿನದೇ ಎಂದು ಕಂಡಿತು. ಅದೇ ವಿಧಾನವನ್ನು ತೊಡೆಯ ಸ್ನಾಯುಗಳಿಗೂ ದೀರ್ಘ ಓಟಕ್ಕೂ ಅನ್ವಯಿಸಿದ ಮುಂದಿನವರಿಗೆ ಆಜ್ಞೆಯ ಕೊರತೆಯೂ ಕಂಡುಬಂದಿತು. 2009ರಲ್ಲಿ ಮಾರ್ಕೋರಾ ಮತ್ತು ಸಂಗಡಿಗರು 16 ಜನರಿಗೆ 90 ನಿಮಿಷಗಳ ಏಕಾಗ್ರತೆಯ ಕೆಲಸ ಕೊಟ್ಟು, ಬಳಿಕ ಬಳಲುವವರೆಗೆ ಸೈಕಲ್ ತುಳಿಸಿದರು. ತಲೆಗೆ ದಣಿವಾಗದ ದಿನ ಸರಾಸರಿ 754 ಸೆಕೆಂಡು ತುಳಿದವರು, ತಲೆ ದಣಿದ ದಿನ 640 ಸೆಕೆಂಡಿಗೇ ನಿಲ್ಲಿಸಿದರು. ಹೃದಯದ ಕೆಲಸದಲ್ಲಿ ವ್ಯತ್ಯಾಸವಿರಲಿಲ್ಲ. ಅದೇ ಶ್ರಮ ಅವರಿಗೆ ಹೆಚ್ಚು ಕಠಿಣವೆನಿಸಿತ್ತು. ಓದಿನ ದಣಿವು ಬೇರೆ, ಓಟದ ದಣಿವು ಬೇರೆ ಎಂಬ ನಮ್ಮ ನಂಬಿಕೆ ಇಲ್ಲಿಗೆ ಸಡಿಲವಾಗುತ್ತದೆ.

ಹಾಗೆಂದು ಎಲ್ಲ ಬಳಲಿಕೆಯನ್ನೂ ನರಗಳ ಮೇಲೆ ಹೊರಿಸುವುದು ಸಲ್ಲದು. ಸ್ವಲ್ಪ ಹೊತ್ತಿನ ಕಠಿಣ ವ್ಯಾಯಾಮದಿಂದ ಬರುವ ಈ ದಣಿವು ಬಹುಮಟ್ಟಿಗೆ ನಿಮಿಷಗಳಲ್ಲಿಯೇ ನೀಗುತ್ತದೆ. ಗಂಟೆಗಟ್ಟಲೆ ಓಡಿದ ಬಳಿಕ ಮರುದಿನಕ್ಕೂ ಉಳಿಯಬಹುದು. ಆದರೆ ವಿಶ್ರಾಂತಿಯಿಲ್ಲದೆ ವಾರಗಟ್ಟಲೆ ಶ್ರಮ ಕೂಡುತ್ತ ಹೋದರೆ ಬರುವ ಅತಿ ತಾಲೀಮಿನ ವ್ಯಾಧಿ ಇದಕ್ಕಿಂತ ದೊಡ್ಡದು. ನರ, ಸ್ನಾಯು, ಮನಸ್ಸು, ನಿದ್ರೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಅದರಿಂದ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಅದನ್ನು ಖಚಿತವಾಗಿ ತೋರಿಸಿಕೊಡುವ ಒಂದೇ ಒಂದು ಪರೀಕ್ಷೆಯೂ ಇಲ್ಲ. ಆದುದರಿಂದ ಮಗುವಿನ ಮಾತೇ ನಮಗೆ ಮೊದಲನೆಯ ಸಾಕ್ಷಿ.

“ಶ್ರಮವಿಲ್ಲದೆ ಗೆಲುವೆಲ್ಲಿಯದು?” ಎಂದು ಕೆಲವರು ಕೇಳಬಹುದು. ಮಾತು ಸತ್ಯ. ಚೆಕೊಸ್ಲೊವಾಕಿಯದ ಎಮಿಲ್ ಜಾಟೋಪೆಕ್‌ನಷ್ಟು ಕಠಿಣವಾಗಿ ತಾಲೀಮು ಮಾಡಿದ ಓಟಗಾರರು ಅವನ ಕಾಲದಲ್ಲಿ ಅಪರೂಪ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವನು 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದನು. ಆದರೆ ಅವನ ಜೀವನದಲ್ಲಿಯೇ ಇನ್ನೊಂದು ಪಾಠವಿದೆ. 1950ರ ಬ್ರಸೆಲ್ಸ್ ಯುರೋಪಿಯನ್ ಕ್ರೀಡಾಕೂಟಕ್ಕೆ ಸ್ವಲ್ಪ ಮೊದಲು ಅವನು ವಿಷಾಹಾರದಿಂದ ಅಸ್ವಸ್ಥನಾಗಿ ಆಸ್ಪತ್ರೆ ಸೇರಬೇಕಾಯಿತು, ತಾಲೀಮು ನಿಂತಿತು. ಅಲ್ಲಿಂದ ಬಂದವನು 5,000 ಮತ್ತು 10,000 ಮೀಟರ್ ಎರಡನ್ನೂ ಗೆದ್ದನು. ಕಾಯಿಲೆ ಅವನನ್ನು ಗೆಲ್ಲಿಸಿತೆಂದಲ್ಲ. ಅದುವರೆಗೆ ಪಟ್ಟ ಶ್ರಮ ಫಲ ಕೊಡಲು ಬಿಡುವು ಬೇಕಾಗಿತ್ತು. ಆ ಬಿಡುವನ್ನು ಕಾಯಿಲೆ ಒದಗಿಸಿತೆಂದು ಅನೇಕ ತರಬೇತಿದಾರರು ಅರ್ಥೈಸುತ್ತಾರೆ. ಬಿತ್ತಿದ ಹೊಲವನ್ನು ದಿನವೂ ಕೆದಕುವ ರೈತನಿಗೆ ಬೆಳೆ ಬರುವುದುಂಟೇ?

ಆದುದರಿಂದ ಪಾಲಕರಲ್ಲಿಯೂ ಶಿಕ್ಷಕ ಬಂಧುಗಳಲ್ಲಿಯೂ ನನ್ನ ಬಿನ್ನಹ ಇಷ್ಟೇ. ತಾಲೀಮಿನ ವೇಳಾಪತ್ರಿಕೆಯಲ್ಲಿ ವಾರಕ್ಕೆ ಒಂದು ದಿನವಾದರೂ ಪೂರ್ಣ ವಿಶ್ರಾಂತಿಯನ್ನು ಬರೆದಿಡಿರಿ. ಪರೀಕ್ಷೆಯ ವಾರದಲ್ಲಿ ಓಟದ ಹೊರೆಯನ್ನು ಇಳಿಸಿರಿ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ರಾತ್ರಿ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. ನನ್ನ ಆ ಹುಡುಗನಿಗೆ ದೊರೆತದ್ದು ಐದೇ ಗಂಟೆ. ಓಟ ನಿಧಾನವಾದಾಗ ಸುತ್ತುಗಳನ್ನು ಹೆಚ್ಚಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ರಾತ್ರಿ ನಿದ್ರೆ ಬಂದಿತೇ? ಹಸಿವೆ ಸರಿಯಾಗಿದೆಯೇ? ಆಟದಲ್ಲಿ ಮೊದಲಿನ ಉಲ್ಲಾಸ ಇದೆಯೇ? ಇಲ್ಲವೆಂಬ ಉತ್ತರ ಬಂದರೆ ಎರಡು ದಿನ ಬಿಡುವು ಕೊಡಿರಿ. ಅಷ್ಟಕ್ಕೂ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿರಿ. ರಕ್ತಹೀನತೆಯೇ ಮೊದಲಾದ ಬೇರೆ ಕಾರಣಗಳೂ ಇರಬಹುದು.

ದುಡಿಮೆಯನ್ನು ಗೌರವಿಸುವ ನಾಡು ನಮ್ಮದು. ಅದು ಹೆಮ್ಮೆಯ ವಿಷಯವೇ. ಆದರೆ ದಣಿದವನನ್ನು ಮೈಗಳ್ಳನೆಂದು ಹಳಿಯುವುದು ದುಡಿಮೆಗೆ ತೋರಿಸುವ ಗೌರವವಲ್ಲ. ಆ ಬಾಲಕ ಇಂದು ಎಲ್ಲಿಯೋ ಉದ್ಯೋಗದಲ್ಲಿದ್ದಾನೆ; ಓಟವನ್ನು ಮಾತ್ರ ಮತ್ತೆ ಮುಟ್ಟಲಿಲ್ಲವೆಂದು ಕೇಳಿದ್ದೇನೆ. ಅಂದು ಅವನ ಮಾತನ್ನು ನಾನು ನಂಬಲಿಲ್ಲ. ಇನ್ನು ಮುಂದೆ ನಮ್ಮ ಮೈದಾನಗಳಲ್ಲಿ ಯಾವ ಮಗುವಾದರೂ ಹಾಗೆ ಹೇಳಿದರೆ, ಕೇಳುವವರು ನಂಬಲೆಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇನೆ.