ಎರವಲು ಬೆಳಕು ಮತ್ತು ಒಂದು ಮಗುವಿನ ಪ್ರಶ್ನೆ

ಬನ್ನಿಮಂಟಪದಲ್ಲಿ ನಾವು ನಡೆಸುವ ಸಂಜೆಯ ದೀನೀ ತರಗತಿಯಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: "ಹಜ್ರತ್, ಎಲ್ಲದಕ್ಕೂ ಒಬ್ಬ ಸೃಷ್ಟಿಕರ್ತ ಬೇಕು ಅಂತೀರಿ. ಹಾಗಾದರೆ ಅಲ್ಲಾಹನನ್ನು ಸೃಷ್ಟಿಸಿದವರು ಯಾರು?" ಮೊಬೈಲಿನಲ್ಲಿ ನೋಡಿದ ಒಂದು ವೀಡಿಯೊ ಅವಳಲ್ಲಿ ಈ ಪ್ರಶ್ನೆಯನ್ನು ಹುಟ್ಟಿಸಿತ್ತು. ಮನೆಯಲ್ಲಿ ಕೇಳಿದ್ದಕ್ಕೆ "ತೌಬಾ ಮಾಡು" ಎಂದು ಗದರಿಸಿದ್ದರಂತೆ. ನಾವು ಗದರಿಸಲಿಲ್ಲ. ಆದರೆ ಉತ್ತರಿಸಲೂ ಇಲ್ಲ. "ನಾಳೆ ಹೇಳುತ್ತೇವೆ" ಎಂದೆವು. ಉತ್ತರ ತಿಳಿಯದ್ದರಿಂದಲ್ಲ. ಅದನ್ನು ನಾವು ಅರಬಿಯ ಗ್ರಂಥಗಳಲ್ಲಿ, ಉರ್ದುವಿನ ವಿವರಣೆಯ ಮೂಲಕ ಕಲಿತಿದ್ದೆವು. ಕನ್ನಡದಲ್ಲಿ ಹೇಳಲು ಹೊರಟಾಗ ನಾಲಿಗೆ ತಡವರಿಸಿತು. ಕನ್ನಡ ಸಾಹಿತ್ಯವನ್ನು ಓದಿದ ನಮಗೇ ಹೀಗಾದುದು ನಾಚಿಕೆಯ ಸಂಗತಿಯೆನಿಸಿತು.

ನಮ್ಮ ಮದರಸಾಗಳ ಪಠ್ಯಕ್ರಮವಾದ ದರ್ಸೆ ನಿಝಾಮಿಯು ಲಕ್ನೋದ ಫರಂಗೀ ಮಹಲ್‌ನ ಮುಲ್ಲಾ ನಿಝಾಮುದ್ದೀನ್ (ನಿಧನ 1748) ಅವರ ಹೆಸರನ್ನು ಹೊತ್ತಿದೆ. ಅದರಲ್ಲಿ ತಫ್ಸೀರ್, ಹದೀಸ್, ಫಿಕ್ಹ್‌ಗಳ ಜೊತೆಗೆ ಮನ್ತಿಕ್ ಅಂದರೆ ತರ್ಕಶಾಸ್ತ್ರಕ್ಕೂ ಹಿಕ್ಮತ್ ಅಂದರೆ ತತ್ವಶಾಸ್ತ್ರಕ್ಕೂ ದೊಡ್ಡ ಸ್ಥಾನವಿತ್ತು. ಇಂದು ಹಲವೆಡೆ ಈ ಗ್ರಂಥಗಳನ್ನು ಕೈಬಿಡಲಾಗಿದೆ. ಉಳಿದೆಡೆ ಕಂಠಪಾಠ ಮಾತ್ರ ಉಳಿದಿದೆ. ಆದರೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬೇಕಾದ ಉತ್ತರ ಇರುವುದು ಅಲ್ಲಿಯೇ.

ಇಬ್ನ್ ಸೀನಾ (980–1037) ಅಸ್ತಿತ್ವವನ್ನು ಎರಡಾಗಿ ವಿಂಗಡಿಸಿದರು. ಇರಬಹುದಾದ, ಇಲ್ಲದಿರಲೂಬಹುದಾದ ಅಸ್ತಿತ್ವ 'ಮುಮ್ಕಿನ್'. ಇಲ್ಲದಿರಲು ಸಾಧ್ಯವೇ ಇಲ್ಲದ ಅಸ್ತಿತ್ವ 'ವಾಜಿಬ್'. ನಾವು, ನಮ್ಮ ಮನೆ, ಚಾಮುಂಡಿ ಬೆಟ್ಟ, ಸೂರ್ಯ, ನಕ್ಷತ್ರಗಳೆಲ್ಲ ಮುಮ್ಕಿನ್. ತ್ರಿಕೋನವೆಂದರೇನೆಂದು ತಿಳಿದ ಮಾತ್ರಕ್ಕೆ ತ್ರಿಕೋನವೊಂದು ಎಲ್ಲಿಯಾದರೂ ಇದೆಯೆಂದು ತಿಳಿದಂತಾಗುವುದಿಲ್ಲ. ಹಾಗೆಯೇ ಇವುಗಳ ಸ್ವರೂಪದಲ್ಲಿ ಇವುಗಳ ಇರವಿಗೆ ಕಾರಣವಿಲ್ಲ. ಆ ಇರವು ಬೇರೆಡೆಯಿಂದ ಬಂದುದು.

ಮರುದಿನ ನಾವು ಮಕ್ಕಳಿಗೆ ಅವರು ಬಲ್ಲ ಒಂದು ದೃಶ್ಯವನ್ನು ನೆನಪಿಸಿದೆವು. ವಿಜಯದಶಮಿಯ ರಾತ್ರಿ ನಮ್ಮ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು ನಡೆಯುತ್ತದೆ. ಒಂದು ಪಂಜು ಇನ್ನೊಂದರಿಂದ ಹೊತ್ತಿಕೊಂಡಿತು, ಅದು ಮತ್ತೊಂದರಿಂದ ಎಂದಿಟ್ಟುಕೊಳ್ಳಿ. ಪ್ರತಿಯೊಂದೂ ಎರವಲು ಬೆಂಕಿಯದೇ ಆಗಿದ್ದರೆ, ಸಾಲನ್ನು ಬೆಂಗಳೂರಿನವರೆಗೆ ಬೆಳೆಸಿದರೂ ಕತ್ತಲೆ ಕತ್ತಲೆಯೇ. ಬೆಳಕು ಕಾಣುತ್ತಿದೆಯೆಂದರೆ ಎಲ್ಲಿಯೋ ಎರವಲಲ್ಲದ ಬೆಂಕಿ ಇರಲೇಬೇಕು. ಉಪಮೆ ಇಲ್ಲಿಗೆ ನಿಲ್ಲುತ್ತದೆ. ಬೆಂಕಿಯೂ ಒಂದು ಸೃಷ್ಟಿಯೇ, ಅಲ್ಲಾಹನಿಗೆ ಸಮಾನವಾದುದು ಯಾವುದೂ ಇಲ್ಲ. ಆದರೆ ತರ್ಕ ಸ್ಪಷ್ಟವಾಯಿತು. 'ಎಲ್ಲದಕ್ಕೂ ಸೃಷ್ಟಿಕರ್ತ ಬೇಕು' ಎಂಬುದು ನಮ್ಮ ವಾದವೇ ಅಲ್ಲ. ಅಸ್ತಿತ್ವವನ್ನು ಎರವಲು ಪಡೆದುದಕ್ಕೆಲ್ಲ ಕೊಟ್ಟವನು ಬೇಕು ಎಂಬುದು ನಮ್ಮ ವಾದ. ಸೂರಃ ಇಖ್ಲಾಸ್‌ನಲ್ಲಿ ನಾವು ದಿನವೂ ಓದುವ 'ಸಮದ್' ಎಂಬ ನಾಮದ ಅರ್ಥವೂ ಇದೇ: ಎಲ್ಲರೂ ಅವನನ್ನು ಅವಲಂಬಿಸಿದ್ದಾರೆ, ಅವನು ಯಾರನ್ನೂ ಅವಲಂಬಿಸಿಲ್ಲ.

ಈ ವಿಚಾರಧಾರೆಯು ನಮ್ಮೊಬ್ಬರ ಸೊತ್ತೆಂದು ಬೀಗುವುದು ಸರಿಯಲ್ಲ. ಇಬ್ನ್ ಸೀನಾ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ತತ್ವಮೀಮಾಂಸೆಯನ್ನು ನಲವತ್ತು ಬಾರಿ ಓದಿಯೂ ಅರ್ಥವಾಗದೆ, ಮೂರು ದಿರ್ಹಮಿಗೆ ಕೊಂಡ ಫಾರಾಬಿಯವರ ಕಿರುಹೊತ್ತಗೆಯಿಂದ ಅರ್ಥಮಾಡಿಕೊಂಡುದನ್ನು ತಮ್ಮ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅವರ ಗ್ರಂಥ ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಟೊಲೆಡೊ ನಗರದಲ್ಲಿ ಲ್ಯಾಟಿನ್ ಭಾಷೆಗೆ ಬಂತು. ಕ್ರೈಸ್ತ ವಿದ್ವಾಂಸ ಥಾಮಸ್ ಅಕ್ವಿನಾಸ್ (1225–1274) ಅದನ್ನು ಓದಿ, ಇಬ್ನ್ ಸೀನಾರ ಹೆಸರನ್ನು ಹೇಳಿಯೇ ಬರೆದರು. 1879ರಲ್ಲಿ ಪೋಪ್ ಹದಿಮೂರನೆಯ ಲಿಯೋ ಆ ಅಕ್ವಿನಾಸರ ಚಿಂತನೆಗೆ ಕ್ಯಾಥೊಲಿಕ್ ಶಿಕ್ಷಣದಲ್ಲಿ ಅಗ್ರಸ್ಥಾನವಿತ್ತರು. ನಮ್ಮ ಬನ್ನಿಮಂಟಪದಲ್ಲಿ 1946ರಿಂದ ಇರುವ ಸಂತ ಫಿಲೋಮಿನಾ ಕಾಲೇಜಿನ ಮುಂದೆ ಹಾದುಹೋಗುವಾಗ ನಮಗೆ ಈ ಕೊಡುಕೊಳೆ ನೆನಪಾಗುತ್ತದೆ.

ಕನ್ನಡ ನಾಡಿಗೂ ಈ ಚಿಂತನೆ ಹೊಸದಲ್ಲ. ಅಕ್ವಿನಾಸರು ಬದುಕಿದ್ದ ಶತಮಾನದಲ್ಲಿಯೇ ಉಡುಪಿಯಲ್ಲಿ ಮಧ್ವಾಚಾರ್ಯರು ಸಮಸ್ತ ತತ್ವವನ್ನು ಸ್ವತಂತ್ರ ಮತ್ತು ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದರು. ನಮಗೂ ಅವರಿಗೂ ಇರುವ ಭೇದವನ್ನು ಮರೆಮಾಚಬೇಕಿಲ್ಲ: ಅವರ ದೃಷ್ಟಿಯಲ್ಲಿ ಜೀವರು ಮತ್ತು ಪ್ರಕೃತಿ ಪರಾಧೀನವಾದರೂ ಅನಾದಿ, ನಮ್ಮ ವಿಶ್ವಾಸದಲ್ಲಿ ಅಲ್ಲಾಹನ ಹೊರತು ಅನಾದಿ ಯಾವುದೂ ಇಲ್ಲ. ಕುತೂಹಲದ ಸಂಗತಿಯೆಂದರೆ, ಇಬ್ನ್ ಸೀನಾರೂ ಜಗತ್ತು ಅನಾದಿಯೆಂದೇ ವಾದಿಸಿದ್ದರು. ಅದನ್ನು ಇಮಾಮ್ ಗಝ್ಝಾಲಿ (1058–1111) 'ತಹಾಫುತುಲ್ ಫಲಾಸಿಫ'ದಲ್ಲಿ ಖಂಡಿಸಿದರು. ಭೇದಗಳು ಇರಲಿ. ನಾವು ಹೇಳಬಯಸುವುದು ಇಷ್ಟು: ವಾಜಿಬ್, ಮುಮ್ಕಿನ್ ಎಂಬ ಪದಗಳಿಗೆ ಕನ್ನಡದಲ್ಲಿ ಮಾತು ಸಿಗದೆಂಬುದು ಸುಳ್ಳು. ಹುಡುಕದಿದ್ದವರು ನಾವು.

ಆಧುನಿಕರು ಈ ವಾದವನ್ನು ಮರೆತಿಲ್ಲ. 1948ರಲ್ಲಿ ಬಿಬಿಸಿ ರೇಡಿಯೊದಲ್ಲಿ ಪಾದ್ರಿ ಕಾಪಲ್‌ಸ್ಟನ್ ಇದೇ ವಾದವನ್ನು ಬರ್ಟ್ರಂಡ್ ರಸೆಲ್‌ರ ಮುಂದಿಟ್ಟರು. ವಿಶ್ವ ಸುಮ್ಮನೆ ಇದೆ, ಅದಕ್ಕೆ ಕಾರಣ ಕೇಳಬೇಕಿಲ್ಲ ಎಂಬುದು ರಸೆಲ್‌ರ ನಿಲುವಾಗಿತ್ತು. ಗಮನಿಸಿ: ವಿಶ್ವಾಸಿಗಳು ಪ್ರಶ್ನೆಗೆ ಹೆದರುತ್ತಾರೆಂಬ ಆರೋಪವಿದೆ, ಆದರೆ ಇಲ್ಲಿ 'ಏಕೆ' ಎಂಬ ಪ್ರಶ್ನೆಯನ್ನು ನಡುದಾರಿಯಲ್ಲಿ ನಿಲ್ಲಿಸಿದವರು ವಿಶ್ವಾಸಿಗಳಲ್ಲ. 1979ರಲ್ಲಿ ಅಮೆರಿಕದ ಕ್ರೈಸ್ತ ಚಿಂತಕ ವಿಲಿಯಂ ಲೇನ್ ಕ್ರೇಗ್ ಜಗತ್ತಿಗೆ ಆದಿಯಿದೆಯೆಂಬ ಗಝ್ಝಾಲಿಯವರ ವಾದವನ್ನು 'ಕಲಾಮ್' ಎಂಬ ಹೆಸರಿನಿಂದಲೇ ಮತ್ತೆ ಮಂಡಿಸಿದರು. ಅನ್ಯರು ನಮ್ಮ ಪದವನ್ನು ಹೊತ್ತು ನಡೆಯುತ್ತಿರುವಾಗ ನಾವು ನಮ್ಮ ಮಕ್ಕಳ ಬಾಯಿ ಮುಚ್ಚಿಸುತ್ತಿದ್ದೇವೆ.

ಇಲ್ಲಿ ಹಿರಿಯರು ಒಂದು ಆಕ್ಷೇಪವನ್ನು ಎತ್ತಬಹುದು. ನಿನ್ನ ಪ್ರಭುವನ್ನು ಸೃಷ್ಟಿಸಿದವರು ಯಾರೆಂದು ಶೈತಾನನು ಪಿಸುಗುಟ್ಟಿದಾಗ ಅಲ್ಲಾಹನಲ್ಲಿ ಅಭಯ ಯಾಚಿಸಿ ಅಲ್ಲಿಗೇ ನಿಲ್ಲಬೇಕೆಂದು ಪ್ರವಾದಿಯವರು(ಸ) ಕಲಿಸಿಲ್ಲವೇ? ಹೌದು, ಕಲಿಸಿದ್ದಾರೆ. ಕೊನೆಯಿಲ್ಲದ ಸಾಲಿನ ಹಿಂದೆ ಅಲೆಯಬಾರದೆಂಬುದು ಆ ಉಪದೇಶದ ತಿರುಳೆಂದು ನಮ್ಮ ತಿಳುವಳಿಕೆ. ಆದರೆ ಬಾಯಿಬಿಟ್ಟು ಹೇಳಲಾಗದಂತಹ ಆಲೋಚನೆಗಳು ಮನಸ್ಸಿಗೆ ಬರುತ್ತವೆಯೆಂದು ಸಹಾಬಿಗಳು ತೋಡಿಕೊಂಡಾಗ ಪ್ರವಾದಿಯವರು(ಸ) ಗದರಿಸಲಿಲ್ಲ. ಅದು ಸ್ಪಷ್ಟವಾದ ಈಮಾನ್ ಎಂದು ಸಂತೈಸಿದರು. ಆ ವಿದ್ಯಾರ್ಥಿನಿ ಕಳವಳದಿಂದ ಕೇಳಿದ್ದಳು, ಅಣಕದಿಂದಲ್ಲ. ಅವಳಿಗೆ ಸಿಗಬೇಕಾದುದು ಈ ಸಾಂತ್ವನ.

ಇಮಾಮ್ ಗಝ್ಝಾಲಿಯವರು ಕಲಾಮ್ ಶಾಸ್ತ್ರವನ್ನು ಔಷಧಕ್ಕೂ ಕುರ್‌ಆನಿನ ನಿದರ್ಶನಗಳನ್ನು ಆಹಾರಕ್ಕೂ ಹೋಲಿಸಿದ್ದಾರೆ. ಆಹಾರ ಎಲ್ಲರಿಗೂ ಬೇಕು. ಔಷಧ ರೋಗಿಗೆ ಮಾತ್ರ. ಆ ವಿವೇಕವನ್ನು ನಾವು ಒಪ್ಪುತ್ತೇವೆ. ಆದರೆ ಸಂಶಯವು ಮೊಬೈಲಿನ ಮೂಲಕ ಮಲಗುವ ಕೋಣೆಗೇ ಬಂದಿರುವಾಗ ಔಷಧವನ್ನು ಅರಬಿ ಬೀಗ ಹಾಕಿದ ಕಪಾಟಿನಲ್ಲಿಡುವುದು ವಿವೇಕವಲ್ಲ. ಇಲ್ಲಿಂದ ಕೆಲವೇ ಮೈಲಿ ದೂರದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಗ್ರಂಥಾಲಯವಿತ್ತು. ಸುಮಾರು 2000 ಸಂಪುಟಗಳು, ಬಹುಪಾಲು ಪಾರಸಿ ಮತ್ತು ಅರಬಿಯವು. 1809ರಲ್ಲಿ ಚಾರ್ಲ್ಸ್ ಸ್ಟೀವರ್ಟ್ ಪ್ರಕಟಿಸಿದ ಅದರ ಸೂಚಿಯಲ್ಲಿ ತತ್ವಶಾಸ್ತ್ರದ ಕೃತಿಗಳೂ ಸೇರಿವೆ. 1799ರ ಬಳಿಕ ಆ ಸಂಗ್ರಹ ಕಲ್ಕತ್ತಕ್ಕೂ ಲಂಡನ್ನಿಗೂ ಹೋಯಿತು. ಅದನ್ನು ಕೊಂಡೊಯ್ದವರು ಪರಕೀಯರು. ಉಳಿದ ವಿದ್ಯೆಯನ್ನು ನೆರೆಮನೆಯ ಭಾಷೆಗೆ ತಾರದವರು ನಾವೇ.

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿ: ಮಗು ಕೇಳಿದಾಗ ಗದರಿಸಬೇಡಿ, ತಿಳಿಯದಿದ್ದರೆ 'ಕೇಳಿ ಹೇಳುತ್ತೇನೆ' ಎನ್ನಿ. ನಮ್ಮಂತಹ ಶಿಕ್ಷಕರಲ್ಲಿ ವಿನಂತಿ: ಅಕಾಇದ್‌ನ ಒಂದೊಂದು ಪಾಠವನ್ನಾದರೂ ಕನ್ನಡದಲ್ಲಿ ಬರೆದು, ಮಕ್ಕಳ ಮುಂದೆ ಓದಿ, ಅವರಿಗೆ ಅರ್ಥವಾಗುವವರೆಗೆ ತಿದ್ದಿ. ಆ ವಿದ್ಯಾರ್ಥಿನಿ ಮುಂದಿನ ವಾರ ಇನ್ನೂ ಕಠಿಣವಾದ ಪ್ರಶ್ನೆಯೊಂದಿಗೆ ಬಂದಳು. ಅವಳು ಮೊಬೈಲಿನ ಬಳಿಗೆ ಹೋಗದೆ ನಮ್ಮ ಬಳಿಗೆ ಬಂದಳಲ್ಲ, ಅಲ್‌ಹಮ್ದುಲಿಲ್ಲಾಹ್. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ಅದನ್ನು ಅವರ ಮಾತಿನಲ್ಲಿ ತಲುಪಿಸುವ ಶಕ್ತಿಯನ್ನು ನಮಗೂ ಕರುಣಿಸಲಿ. ಆಮೀನ್.